ಹೋಗಲೇ ಇಲ್ಲ, ಆದರೂ ವಾಪಸ್ ಬನ್ನಿ

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಮುಗಿದ ಮಾರನೇ ದಿನ ಸೋತ ಕಡೆಯ ಕೆಲವರಿಗೆ ಸಂವಿಧಾನದ ಮೇಲೆ ವಿಪರೀತ ಪ್ರೀತಿ ಉಕ್ಕುತ್ತದೆ. ‘ನಮ್ಮ ರಾಜ್ಯ ಈ ದೇಶ ಬಿಟ್ಟು ಹೋಗಬಹುದಾ? ಕಾನೂನು ಏನನ್ನುತ್ತೆ?’

2012ರಲ್ಲಿ ಒಬಾಮ ಎರಡನೇ ಸಲ ಗೆದ್ದಾಗ ಟೆಕ್ಸಸ್‌ನವರು ನೇರವಾಗಿ ಶ್ವೇತಭವನಕ್ಕೇ ಅರ್ಜಿ ಹಾಕಿದರು. ಉತ್ತರ ಬರಬೇಕಾದರೆ 25,000 ಸಹಿ ಸಾಕಿತ್ತು. ಬಿದ್ದದ್ದು 1,25,000ಕ್ಕೂ ಜಾಸ್ತಿ. ಯಾರ ಸಹವಾಸ ಬೇಡವೋ ಅವರದೇ ನಮೂನೆಯಲ್ಲಿ, ಅವರದೇ ನಿಯಮ ಪಾಲಿಸಿ, ಅವರ ಅಪ್ಪಣೆ ಕೇಳುವ ಬಂಡಾಯ ಅದು. ಅಷ್ಟರಲ್ಲಿ ಟೆಕ್ಸಸ್‌ನ ರಾಜಧಾನಿ ಆಸ್ಟಿನ್ ಹೆಸರಿನಲ್ಲಿ ಇನ್ನೊಂದು ಅರ್ಜಿ ಬಂತು: ಟೆಕ್ಸಸ್ ಹೋಗೋದಾದ್ರೆ ಹೋಗಲಿ, ನಮ್ಮನ್ನು ಟೆಕ್ಸಸ್‌ನಿಂದ ಬಿಡಿಸಿ ಅಮೆರಿಕದಲ್ಲೇ ಇಟ್ಕೊಳ್ಳಿ! 2013ರ ಜನವರಿಯಲ್ಲಿ ಶ್ವೇತಭವನ ಬಹಳ ಮರ್ಯಾದೆಯಿಂದ ‘ಆಗೋದಿಲ್ಲ’ ಎಂದಿತು.

ಅಷ್ಟೆಲ್ಲ ಕಷ್ಟಪಡುವ ಅಗತ್ಯವೇ ಇರಲಿಲ್ಲ. ಉತ್ತರ 1869ರಲ್ಲೇ ಬಂದಿತ್ತು. ಅದು ಬಂದ ದಾರಿ ಮಾತ್ರ ಸ್ವಲ್ಪ ವಿಚಿತ್ರ.

ಟೆಕ್ಸಸ್ 1861ರಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ಒಕ್ಕೂಟ ಬಿಟ್ಟಿತು. ಕಾರಣವನ್ನು ಅವರೇ ಬರೆದಿಟ್ಟಿದ್ದಾರೆ, ಮುಚ್ಚುಮರೆ ಏನಿಲ್ಲ. ಹೀಗೆ ಬಿಟ್ಟು ಬಂದ ದಕ್ಷಿಣದ ರಾಜ್ಯಗಳು ಕಟ್ಟಿಕೊಂಡ ಹೊಸ ಒಕ್ಕೂಟಕ್ಕೆ ನಿಷ್ಠೆಯ ಪ್ರಮಾಣ ಮಾಡಲ್ಲ ಎಂದ ಗವರ್ನರ್ ಸ್ಯಾಮ್ ಹ್ಯೂಸ್ಟನ್ ಅವರನ್ನು ಕುರ್ಚಿಯಿಂದ ಇಳಿಸಿದರು. ಆಮೇಲೆ ನಾಲ್ಕು ವರ್ಷ ಯುದ್ಧ. ಸತ್ತವರು ಆರು ಲಕ್ಷಕ್ಕೂ ಹೆಚ್ಚು. ಇಷ್ಟಾದ ಮೇಲೆ ‘ರಾಜ್ಯ ಬಿಟ್ಟು ಹೋಗಬಹುದೇ’ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಬಂದದ್ದು ಹೇಗೆ ಗೊತ್ತಾ? ಬಾಂಡಿನ ಜಗಳದಲ್ಲಿ.

1850ರಲ್ಲಿ ಗಡಿ ತಕರಾರು ತೀರಿಸಿಕೊಳ್ಳಲು ಅಮೆರಿಕ ಸರ್ಕಾರ ಟೆಕ್ಸಸ್‌ಗೆ ಬಾಂಡ್‌ಗಳನ್ನು ಕೊಟ್ಟಿತ್ತು. ಯುದ್ಧ ಮುಗಿಯುತ್ತಾ ಬಂದಾಗ, 1865ರಲ್ಲಿ, ಬಂಡಾಯದ ಟೆಕ್ಸಸ್ ಅದರಲ್ಲಿ ಉಳಿದಿದ್ದನ್ನು ವೈಟ್ ಮತ್ತು ಚೈಲ್ಸ್ ಎಂಬಿಬ್ಬರಿಗೆ ಮಾರಿತು. ಬದಲಿಗೆ ಬರಬೇಕಾಗಿದ್ದದ್ದು ಹತ್ತಿ ಬಾಚುವ ಹಣಿಗೆಗಳು ಮತ್ತು ಔಷಧಿ. ಅಂದರೆ ಯಾರ ಮೇಲೆ ಯುದ್ಧವೋ ಅವರ ಖಜಾನೆಯ ಕಾಗದ ಮಾರಿಯೇ ಯುದ್ಧದ ಸಾಮಾನು ತರಿಸುವ ಏರ್ಪಾಟು. ಬೇರೆ ದೇಶ ಆಗಿದ್ದೇವೆ ಎಂದವರಿಗೂ ಹಳೇ ದೇಶದ ಸಾಲಪತ್ರದ ಮೇಲಿನ ನಂಬಿಕೆ ಹೋಗಿರಲಿಲ್ಲ.

ಸೋತ ಮೇಲೆ ಬಂದ ಹೊಸ ಸರ್ಕಾರ ‘ಆ ಮಾರಾಟವೇ ಅಕ್ರಮ, ನಮ್ಮ ಬಾಂಡ್ ವಾಪಸ್ ಕೊಡಿಸಿ’ ಎಂದು ಸುಪ್ರೀಂ ಕೋರ್ಟಿಗೆ ಹೋಯಿತು. ಕೊಂಡವರ ವಕೀಲರು ಬುದ್ಧಿವಂತರು. ‘ಸ್ವಾಮಿ, ರಾಜ್ಯವಾಗಿದ್ದರೆ ಮಾತ್ರ ಇಲ್ಲಿಗೆ ನೇರವಾಗಿ ಬರಬಹುದು. ಟೆಕ್ಸಸ್ ಬಿಟ್ಟು ಹೋಗಿದೆ. ಈಗ ಅಲ್ಲಿ ಸೇನೆಯ ಆಡಳಿತ ಇದೆ. ಸಂಸತ್ತಿನಲ್ಲಿ ಅದಕ್ಕೆ ಒಬ್ಬ ಸದಸ್ಯನೂ ಇಲ್ಲ. ಅದು ರಾಜ್ಯ ಹೇಗಾಗುತ್ತೆ?’ ಎಂದರು.

ಮುಖ್ಯ ನ್ಯಾಯಮೂರ್ತಿ ಸಾಮನ್ ಚೇಸ್. ಯುದ್ಧದ ಹೊತ್ತಿನಲ್ಲಿ ಲಿಂಕನ್ ಅವರ ಖಜಾನೆ ಮಂತ್ರಿಯಾಗಿದ್ದವರು ಇವರೇ. ಹಾಗಾಗಿ ಬಾಂಡ್ ಅಂದ್ರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತೀರ್ಪು 5–3. ಇದು ನಾಶವಿಲ್ಲದ ರಾಜ್ಯಗಳಿಂದಾದ ನಾಶವಿಲ್ಲದ ಒಕ್ಕೂಟ. ಹಾಗಾಗಿ ಟೆಕ್ಸಸ್ ಒಂದು ದಿನವೂ ಹೊರಗೆ ಹೋಗಿರಲಿಲ್ಲ. ಪ್ರತ್ಯೇಕತೆಯ ನಿರ್ಣಯ ಕಾನೂನಿನ ಕಣ್ಣಲ್ಲಿ ಬರೀ ಸೊನ್ನೆ. ಬಾಂಡ್ ವಾಪಸ್! ಗ್ರಿಯರ್ ಎಂಬ ನ್ಯಾಯಮೂರ್ತಿ ಮಾತ್ರ, ಇದನ್ನು ಕಾನೂನಿನ ಕಲ್ಪನೆಯಿಂದ ಅಲ್ಲ, ಕಣ್ಣೆದುರಿನ ರಾಜಕೀಯ ವಾಸ್ತವದಿಂದ ತೀರ್ಮಾನಿಸಬೇಕು ಎಂದು ಭಿನ್ನಮತ ಬರೆದರು. ಪಾಪ, ಇಬ್ಬರೋ ಮೂವರೋ ಇಂಥವರು ಎಲ್ಲ ಕಡೆ ಇರುತ್ತಾರೆ.

ಟೆಕ್ಸಸ್‌ನ ವಾದ ಗಮನಿಸಿದ್ರಾ? ‘ನಾವು ಹೋಗಲೇ ಇಲ್ಲ’ ಎಂದು ಸಾಧಿಸಿ ಕೇಸು ಗೆದ್ದದ್ದು ಹೊರಟು ನಿಂತಿದ್ದ ಅದೇ ಟೆಕ್ಸಸ್.

ಇಷ್ಟಕ್ಕೇ ಮುಗಿಯಲಿಲ್ಲ. ಒಂದು ದಿನವೂ ಹೊರಗೆ ಹೋಗದ ಈ ರಾಜ್ಯಕ್ಕೆ ಸಂಸತ್ತಿನಲ್ಲಿ ಮತ್ತೆ ಜಾಗ ಕೊಡುವ ಕಾಯ್ದೆಗೆ ಅಧ್ಯಕ್ಷ ಗ್ರ್ಯಾಂಟ್ ಸಹಿ ಹಾಕಿದ್ದು 1870ರ ಮಾರ್ಚ್ 30ರಂದು, ಅಂದರೆ ತೀರ್ಪು ಬಂದ ಸುಮಾರು ಒಂದು ವರ್ಷದ ಮೇಲೆ. ಕೋರ್ಟಿನ ಪ್ರಕಾರ ಒಳಗೆ, ಸಂಸತ್ತಿನ ಪ್ರಕಾರ ಹೊಸ್ತಿಲಾಚೆ. ಎರಡೂ ಸರಿ, ಎರಡೂ ಅಧಿಕೃತ.

ಬಿಟ್ಟು ಹೋಗಲು ದಾರಿಯೇ ಇಲ್ಲ ಅಂತ ಚೇಸ್ ಹೇಳಲಿಲ್ಲ. ಎರಡು ಬಾಗಿಲು ತೋರಿಸಿದರು: ಒಂದು ಉಳಿದ ರಾಜ್ಯಗಳ ಒಪ್ಪಿಗೆ, ಇನ್ನೊಂದು ಕ್ರಾಂತಿ. ಅಂದರೆ ದೇಶ ಬಿಡುವವರು ಒಂದೋ ಎಲ್ಲರನ್ನೂ ಒಪ್ಪಿಸಬೇಕು, ಇಲ್ಲವೇ ಕಾನೂನು ಮುರಿದು ಗೆಲ್ಲಬೇಕು. ಗೆದ್ದರೆ ಕೋರ್ಟೇ ಬೇರೆ ಇರುತ್ತೆ. ಸೋತರೆ ಬಾಂಡ್ ಕೇಸು.

ಬಿಟ್ಟು ಹೋಗುವುದು ನಮ್ಮ ಜನ್ಮಸಿದ್ಧ ಹಕ್ಕು ಎಂದು ಹೊರಟ ದಕ್ಷಿಣದ ರಾಜ್ಯಗಳು ತಮ್ಮ ಹೊಸ ಸಂವಿಧಾನದಲ್ಲಿ ಆ ಹಕ್ಕನ್ನು ಬರೆದುಕೊಂಡವು ಅಂದುಕೊಂಡಿರಾ? ಇಲ್ಲ. ಪೀಠಿಕೆಯಲ್ಲೇ ‘ಶಾಶ್ವತ ಒಕ್ಕೂಟ ಸರ್ಕಾರ’ ಎಂದು ಬರೆದವು. ನಾವು ಹೋಗಬಹುದು, ನಮ್ಮಿಂದ ಯಾರೂ ಹೋಗಬಾರದು. ಇತ್ತ ಲಿಂಕನ್ ಕಡೆಯ ಲೆಕ್ಕವೂ ನೇರವಾಗಿಲ್ಲ. ವರ್ಜೀನಿಯಾ ದೇಶ ಬಿಟ್ಟದ್ದು ತಪ್ಪು. ಆದರೆ ಪಶ್ಚಿಮ ವರ್ಜೀನಿಯಾ ವರ್ಜೀನಿಯಾವನ್ನು ಬಿಟ್ಟದ್ದು ಸರಿ. ರಾಜ್ಯ ಒಡೆಯಲು ಆ ರಾಜ್ಯದ ಶಾಸನಸಭೆಯ ಒಪ್ಪಿಗೆ ಬೇಕು ಎನ್ನುತ್ತೆ ಸಂವಿಧಾನ. ಅದಕ್ಕೇನಂತೆ? ಪಶ್ಚಿಮದ ವೀಲಿಂಗ್ ಊರಿನಲ್ಲಿ ಕೂತವರು ‘ನಾವೇ ಇಡೀ ವರ್ಜೀನಿಯಾದ ಸರ್ಕಾರ’ ಎಂದು ಘೋಷಿಸಿಕೊಂಡು, ತಮಗೆ ತಾವೇ ಒಪ್ಪಿಗೆ ಕೊಟ್ಟುಕೊಂಡರು. 1863ರಲ್ಲಿ ಹೊಸ ರಾಜ್ಯ ಹುಟ್ಟಿತು. ಸಂವಿಧಾನದ ವಿರುದ್ಧ ಬೇರೆಯಾಗುವುದಕ್ಕೂ ಸಂವಿಧಾನದ ಪರವಾಗಿ ಬೇರೆಯಾಗುವುದಕ್ಕೂ ವ್ಯತ್ಯಾಸ ಇದೆ ಎಂದರು ಲಿಂಕನ್. ಬೇರೆಯಾಗೋದು ಸುಲಭ, ಹಳೇ ಸಾಲದ ಪಾಲು ಕಷ್ಟ. ವರ್ಜೀನಿಯಾಕ್ಕೆ ಕೊಡಬೇಕಾದ ಸಾಲದ ಪಾಲನ್ನು ಪಶ್ಚಿಮ ವರ್ಜೀನಿಯಾ ತೀರಿಸಿ ಮುಗಿಸಿದ್ದು 1939ರಲ್ಲಿ.

ಅಮೆರಿಕವೊಂದನ್ನೇ ಯಾಕೆ ಆಡಿಕೊಳ್ಳಬೇಕು? ಸೋವಿಯತ್ ಒಕ್ಕೂಟ ತುಂಬಾ ಉದಾರಿ. ಪ್ರತಿ ಗಣರಾಜ್ಯಕ್ಕೂ ಸ್ವತಂತ್ರವಾಗಿ ಬಿಟ್ಟು ಹೋಗುವ ಹಕ್ಕಿದೆ ಎಂದು 1977ರ ಸಂವಿಧಾನದ 72ನೇ ವಿಧಿ ಹೇಳುತ್ತಿತ್ತು. ಹೇಗೆ ಹೋಗಬೇಕು ಅಂತ ಎಲ್ಲೂ ಇರಲಿಲ್ಲ, ಅಷ್ಟೇ. 1990ರ ಮಾರ್ಚ್ 11ರಂದು ಲಿಥುವೇನಿಯಾ ಹೊರಟೇಬಿಟ್ಟಿತು. ಏಪ್ರಿಲ್ 3ರಂದು ಮಾಸ್ಕೋ ಅವಸರವಸರವಾಗಿ ಹೋಗುವ ವಿಧಾನದ ಕಾಯ್ದೆ ಮಾಡಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಮೂರರಲ್ಲಿ ಎರಡು ಪಾಲು ಮತದಾರರು ಹೂಂ ಅನ್ನಬೇಕು, ಆಮೇಲೆ ಐದು ವರ್ಷದವರೆಗೆ ಕಾಯಬೇಕು, ಕೊನೆಗೆ ಮಾಸ್ಕೋ ಒಪ್ಪಬೇಕು. ಆ ಐದು ವರ್ಷ ಮುಗಿಯುವವರೆಗೂ ಒಕ್ಕೂಟವೇ ಕಾಯಲಿಲ್ಲ. 1991ರ ಡಿಸೆಂಬರ್‌ನಲ್ಲಿ ರಷ್ಯಾ ಕೂಡ ಎದ್ದು ಹೋಯಿತು. ಸ್ವಾತಂತ್ರ್ಯ ಘೋಷಿಸಿದವರಲ್ಲಿ ಕಜಕಸ್ತಾನವೇ ಕೊನೆ.

ಕೆನಡಾದವರು ಸಭ್ಯರು. ಕ್ವಿಬೆಕ್ ಪ್ರಾಂತ್ಯ ತಾನಾಗಿಯೇ ಬಿಟ್ಟು ಹೋಗುವಂತಿಲ್ಲ, ಆದರೆ ‘ಸ್ಪಷ್ಟ ಪ್ರಶ್ನೆ’ಗೆ ‘ಸ್ಪಷ್ಟ ಬಹುಮತ’ ಬಂದರೆ ಉಳಿದವರು ಕೂತು ಮಾತಾಡಬೇಕು ಎಂದಿತು ಅಲ್ಲಿನ ಸುಪ್ರೀಂ ಕೋರ್ಟು, 1998ರಲ್ಲಿ. ಸ್ಪಷ್ಟ ಅಂದರೆ ಶೇಕಡಾ ಎಷ್ಟು? ಅದನ್ನು ಮಾತ್ರ ಸ್ಪಷ್ಟ ಮಾಡಲಿಲ್ಲ. 2000ದಲ್ಲಿ ಸಂಸತ್ತು ಈ ‘ಸ್ಪಷ್ಟತೆ’ಗೆಂದೇ ಕಾಯ್ದೆ ತಂದಿತು. ಅದರಲ್ಲೂ ಸಂಖ್ಯೆ ಇಲ್ಲ, ಮತ ಬಿದ್ದ ಮೇಲೆ ನೋಡಿ ಹೇಳ್ತೀವಿ ಅಂತಿದೆ. ಕ್ವಿಬೆಕ್ ಅದೇ ವರ್ಷ ತನ್ನದೇ ಕಾಯ್ದೆ ಮಾಡಿ, ಅರ್ಧಕ್ಕಿಂತ ಒಂದು ಮತ ಜಾಸ್ತಿ ಇದ್ದರೆ ಸಾಕು ಎಂದಿತು.

ಪಶ್ಚಿಮ ಆಸ್ಟ್ರೇಲಿಯಾದ ಮತದಾರರು ಇವರನ್ನೆಲ್ಲ ಮೀರಿಸಿದರು. 1933ರಲ್ಲಿ ಸುಮಾರು ಎರಡಕ್ಕೆ ಒಂದರಂತೆ ದೇಶ ಬಿಡೋಣ ಎಂದು ಮತ ಹಾಕಿ, ಅದೇ ದಿನ ಅದೇ ಮತಗಟ್ಟೆಯಲ್ಲಿ ದೇಶ ಬಿಡೋದು ಬೇಡ ಎನ್ನುವ ಪಕ್ಷವನ್ನು ಅಧಿಕಾರಕ್ಕೆ ತಂದರು.

ಆದರೂ ನನ್ನ ಬಹುಮಾನ ಸ್ಪೇನಿನ ಕಟಲೋನಿಯಾ ಪ್ರಾಂತ್ಯಕ್ಕೆ. 2017ರ ಅಕ್ಟೋಬರ್ 10. ಅಧ್ಯಕ್ಷ ಪುಚ್ಡೆಮೊನ್ ಭಾಷಣಕ್ಕೆ ನಿಂತರು. ಹೊರಗೆ ದೊಡ್ಡ ಪರದೆ ಮುಂದೆ ಜನ. ಸ್ವತಂತ್ರ ಗಣರಾಜ್ಯವಾಗುವ ಜನಾದೇಶ ಸಿಕ್ಕಿದೆ ಎಂದರು, ಜನ ಕುಣಿದರು. ಕೆಲವೇ ಸೆಕೆಂಡಿನಲ್ಲಿ, ಅದರ ಜಾರಿಯನ್ನು ಸದ್ಯಕ್ಕೆ ತಡೆಹಿಡಿಯೋಣ ಎಂದರು, ಜನ ಮುಖ ಮುಖ ನೋಡಿಕೊಂಡರು. ಮ್ಯಾಡ್ರಿಡ್‌ಗೂ ಅರ್ಥ ಆಗಲಿಲ್ಲ. ಪ್ರಧಾನಿ ರಹೋಯ್ ಅಧಿಕೃತ ಪತ್ರ ಬರೆದು ಕೇಳಿದರು: ನೀವು ಸ್ವಾತಂತ್ರ್ಯ ಘೋಷಿಸಿದ್ದೀರೋ ಇಲ್ಲವೋ, ಸೋಮವಾರದೊಳಗೆ ತಿಳಿಸಿ. ಒಂದು ದೇಶ ತನ್ನದೇ ಭಾಗಕ್ಕೆ ‘ನೀನು ಇದ್ದೀಯಾ, ಹೋದೆಯಾ?’ ಅಂತ ಟಪಾಲು ಹಾಕಿದ್ದು! ಉತ್ತರವೂ ಬಂತು. ಅದರಲ್ಲಿ ಹೌದು ಇರಲಿಲ್ಲ, ಇಲ್ಲವೂ ಇರಲಿಲ್ಲ.

ಇಷ್ಟೆಲ್ಲ ಬೇಕಿಲ್ಲದವರು ಫ್ಲಾರಿಡಾದ ಕೀ ವೆಸ್ಟ್ ದಾರಿ ಹಿಡಿಯಬಹುದು. 1982ರಲ್ಲಿ ಗಡಿ ಪೊಲೀಸರು ಆ ದ್ವೀಪದ ಹೆದ್ದಾರಿಗೆ ತಡೆ ಹಾಕಿ, ಅಲ್ಲಿಂದ ಹೊರಡುವವರನ್ನೆಲ್ಲ ವಿದೇಶಿಯರ ಹಾಗೆ ತಪಾಸಣೆ ಮಾಡತೊಡಗಿದರು. ಪ್ರವಾಸಿಗರು ಕಮ್ಮಿಯಾದರು. ‘ನಮ್ಮನ್ನು ವಿದೇಶಿಗಳ ಥರ ನೋಡ್ತೀರಲ್ವಾ, ಸರಿ, ವಿದೇಶವೇ ಆಗ್ತೀವಿ’ ಅಂತ ಮೇಯರ್ ‘ಕಾಂಕ್ ಗಣರಾಜ್ಯ’ ಘೋಷಿಸಿದರು. ನೌಕಾದಳದ ಸಮವಸ್ತ್ರದಲ್ಲಿದ್ದ ಒಬ್ಬರ ತಲೆಗೆ ಒಣಗಿದ ಬ್ರೆಡ್ಡಿನಿಂದ ಹೊಡೆದು ಯುದ್ಧ ಸಾರಿದರು. ಒಂದೇ ನಿಮಿಷಕ್ಕೆ ಶರಣಾಗಿ, ನೂರು ಕೋಟಿ ಡಾಲರ್ ಯುದ್ಧ ಪರಿಹಾರ ಕೇಳಿದರು. ದುಡ್ಡು ಬರಲಿಲ್ಲ. ರಸ್ತೆ ತಡೆ ಮಾತ್ರ ಎತ್ತಿಸಿಕೊಂಡರು.