ನಿಶಿಯೋಕಾನನ್ನು ಬೈಯುವ ಮುಂಚೆ ಆ ಎಡಗಾಲು ನೋಡಿ

ಅಮೆರಿಕದ ಬೇಸ್‌ಬಾಲ್ ತಂಡ ಮಿನೆಸೋಟಾ ಟ್ವಿನ್ಸ್‌ನ ಅತಿ ಕಳಪೆ ಖರೀದಿಗಳು ಅಂತ ಇವತ್ತು ಇನ್ನೊಂದು ಪಟ್ಟಿ ಕಣ್ಣಿಗೆ ಬಿತ್ತು. ಮತ್ತೆ ಅದೇ ಹೆಸರು, ತ್ಸುಯೋಶಿ ನಿಶಿಯೋಕಾ. 71 ಪಂದ್ಯ, 50 ಹಿಟ್ (ಚೆಂಡು ಹೊಡೆದು ಬೇಸ್ ಮುಟ್ಟಿದ್ದು), ಸರಾಸರಿ (ಬ್ಯಾಟ್ ಹಿಡಿದ ಸರದಿಗಳಲ್ಲಿ ಹಿಟ್‌ಗಳ ಪಾಲು) .215. ಇಷ್ಟು ಬರೆದು ಕೈತೊಳೆದುಕೊಂಡಿದ್ದಾರೆ. ಓದಿ ಮೈಯೆಲ್ಲ ಉರಿದುಹೋಯಿತು.

2010ರಲ್ಲಿ ಜಪಾನಿನ ಚಿಬಾ ಲೊಟ್ಟೆ ಮರೀನ್ಸ್ ತಂಡದ ಪರ 206 ಹಿಟ್ ಹೊಡೆದು, .346 ಸರಾಸರಿಯಲ್ಲಿ ಪೆಸಿಫಿಕ್ ಲೀಗ್‌ನ ಬ್ಯಾಟಿಂಗ್ ಪ್ರಶಸ್ತಿ ಗೆದ್ದವನು ಮರುವರ್ಷಕ್ಕೇ ಆಟ ಮರೆತುಬಿಟ್ಟನೇ? ಅವನ ಕಾಲು ಮುರಿದಿತ್ತು ಸ್ವಾಮಿ!

2011ರ ಏಪ್ರಿಲ್ 7, ಯಾಂಕೀ ಸ್ಟೇಡಿಯಂ. ಸೀಸನ್ ಶುರುವಾಗಿ ವಾರವಾಗಿತ್ತಷ್ಟೆ. ನಿಶಿಯೋಕಾ ಆಗ ಸೆಕೆಂಡ್ ಬೇಸ್‌ಮನ್, ಅಂದರೆ ಎರಡನೇ ಬೇಸ್ ಕಾಯುವ ಫೀಲ್ಡರ್. ಡಬಲ್ ಪ್ಲೇ (ಸೆಕೆಂಡ್ ಬೇಸ್ ಮುಟ್ಟಿ ಫಸ್ಟ್‌ಗೆ ಎಸೆದು ಇಬ್ಬರನ್ನು ಔಟ್ ಮಾಡುವುದು) ಮಾಡುವಾಗ ಬಲಗೈಯಲ್ಲಿ ಎಸೆಯುವವನು ಫಸ್ಟ್ ಬೇಸ್ ಕಡೆಗೆ ಎಡಗಾಲು ಊರಿ, ಮೈಭಾರ ಅದರ ಮೇಲೆ ಹಾಕಲೇಬೇಕು. ಓಟಗಾರ ಜಾರಿಕೊಂಡು ಬರುವುದೂ ಅದೇ ಕಡೆಯಿಂದ. ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವಿನ ಜಾಗ) ಅಥವಾ ಥರ್ಡ್ ಬೇಸ್‌ನಿಂದ ಚೆಂಡು ಬರುವಾಗ ಕಣ್ಣು ಆ ಕಡೆ ಇರುತ್ತದೆ, ಓಟಗಾರ ಬೆನ್ನ ಹಿಂದೆ. ಊರಿದ ಕಾಲು ಎತ್ತುವುದು ಚೂರು ತಡವಾದರೆ ಮುಗಿಯಿತು. ಎದುರಾಳಿ ಓಟಗಾರ ನಿಕ್ ಸ್ವಿಶರ್‌ನ ಸ್ಲೈಡ್ ನೇರ ಬಂದು ಬಡಿದು ಎಡಗಾಲಿನ ಫಿಬ್ಯುಲಾ (ಮೊಣಕಾಲಿನ ಕೆಳಗಿನ ಹೊರಬದಿಯ ಮೂಳೆ) ಮುರಿಯಿತು. ಅಂದಿನ ನಿಯಮದ ಪ್ರಕಾರ ಅದು ತಪ್ಪೇ ಅಲ್ಲ! 2015ರ ಪ್ಲೇಆಫ್‌ನಲ್ಲಿ ಓಟಗಾರ ಚೇಸ್ ಅಟ್ಲಿ ಸ್ಲೈಡ್‌ಗೆ ಫೀಲ್ಡರ್ ರೂಬೆನ್ ತೆಹಾಡಾ ಕಾಲು ಮುರಿದ ಮೇಲೆಯೇ, 2016ರಲ್ಲಿ, ನಿಯಮ ಬದಲಾಗಿದ್ದು. ಈಗ ಸ್ಲೈಡ್ ಬೇಸ್‌ಗಿಂತ ಮುಂಚೆಯೇ ಶುರುವಾಗಬೇಕು, ಕೈಯೋ ಕಾಲೋ ಬೇಸ್‌ಗೆ ಎಟುಕಬೇಕು, ಬೇಸ್ ಮೇಲೇ ನಿಲ್ಲಲು ನೋಡಬೇಕು, ಫೀಲ್ಡರ್‌ಗೆ ಗುದ್ದಲೆಂದು ದಾರಿ ಬದಲಿಸುವಂತಿಲ್ಲ. ತಪ್ಪಿದರೆ ಓಟಗಾರ, ಬ್ಯಾಟರ್ ಇಬ್ಬರೂ ಔಟ್.

ಜೂನ್‌ನಲ್ಲಿ ವಾಪಸ್ ಬಂದವನನ್ನು ನಿಲ್ಲಿಸಿದ್ದು ಎಲ್ಲಿ? ಶಾರ್ಟ್‌ಸ್ಟಾಪ್‌ನಲ್ಲಿ. ಥರ್ಡ್ ಬೇಸ್ ಕಡೆಯ ಆಳಕ್ಕೆ ಓಡಿ, ಬಲಗಾಲು ಊರಿ ನಿಂತು, ಫಸ್ಟ್‌ಗೆ ಉದ್ದದ ಥ್ರೋ ಹಾಕಬೇಕಾದ ಜಾಗ. ಚಿಬಾದ ಕೃತಕ ಹುಲ್ಲಿನ ಮೇಲೆ ಚೆಂಡು ಒಂದೇ ವೇಗದಲ್ಲಿ ಕೈಗೆ ಬರುತ್ತದೆ. ಟ್ವಿನ್ಸ್‌ನ ಮೈದಾನ ಟಾರ್ಗೆಟ್ ಫೀಲ್ಡ್‌ನಲ್ಲಿರುವುದು ನಿಜವಾದ ಹುಲ್ಲು, ಚೆಂಡು ನಿಧಾನವಾಗುತ್ತದೆ. ಮುಂದಕ್ಕೆ ನುಗ್ಗಿ, ಓಡುತ್ತಲೇ ಎಸೆಯಬೇಕು. ಆಗಷ್ಟೇ ಮೂಳೆ ಕೂಡಿಕೊಂಡ ಕಾಲಿನಲ್ಲಿ!

"ಬ್ಯಾಟೂ ಬೀಸಲಿಲ್ಲವಲ್ಲ" ಅನ್ನುತ್ತಾರೆ. ಅವನು ಸ್ವಿಚ್ ಹಿಟ್ಟರ್, ಅಂದರೆ ಪಿಚರ್ (ಚೆಂಡು ಎಸೆಯುವವನು) ಯಾವ ಕೈಯವನೋ ಅದರ ವಿರುದ್ಧ ಕಡೆಯಿಂದ ಬ್ಯಾಟ್ ಬೀಸುವವನು. ಹೆಚ್ಚಿನ ಪಿಚರ್‌ಗಳು ಬಲಗೈಯವರು, ಹಾಗಾಗಿ ಎಡಗಡೆಯಿಂದಲೇ ಜಾಸ್ತಿ ಆಡಬೇಕು. ಎಡಗಡೆಯಿಂದ ಬೀಸುವಾಗ ಭಾರ ಹೊರುವ ಹಿಂಗಾಲು ಯಾವುದು? ಅದೇ ಎಡಗಾಲು. ಇಷ್ಟು ಯೋಚಿಸದೆ ಸರಾಸರಿ ತೋರಿಸಿದರೆ ನಾನಂತೂ ಒಪ್ಪಲ್ಲ.

2012ರಲ್ಲಿ ಮೂರೇ ಪಂದ್ಯ, 12 ಸಲ ಬ್ಯಾಟ್ ಹಿಡಿದು ಒಂದೂ ಹಿಟ್ ಇಲ್ಲ. ಆಮೇಲೆ ಮುಂದಿನ ವರ್ಷದ ಸುಮಾರು 30 ಲಕ್ಷ ಡಾಲರ್ ಸಂಬಳ ಬಿಟ್ಟುಕೊಟ್ಟು, ತಾನೇ ಬಿಡುಗಡೆ ಕೇಳಿ ಹೊರಟ. ಈ ಮಾತು ಯಾವ ಪಟ್ಟಿಯಲ್ಲೂ ಇರಲ್ಲ.

ಅವನನ್ನು ತರುವ ಹೊತ್ತಿಗೇ ಟ್ವಿನ್ಸ್ ತನ್ನ ಶಾರ್ಟ್‌ಸ್ಟಾಪ್ ಜೆ.ಜೆ. ಹಾರ್ಡಿಯನ್ನು ಬಾಲ್ಟಿಮೋರ್ ತಂಡಕ್ಕೆ ಕೊಟ್ಟುಬಿಟ್ಟಿತ್ತು. 2011ರಲ್ಲಿ ಹಾರ್ಡಿ ಅಲ್ಲಿ 30 ಹೋಮ್ ರನ್ ಹೊಡೆದ, ಇಲ್ಲಿ ಟ್ವಿನ್ಸ್ 99 ಪಂದ್ಯ ಸೋತಿತು. ಪಟ್ಟಿ ಮಾಡುವವರು ಮೊದಲು ಆ ವ್ಯವಹಾರ ಬರೆಯಲಿ.