ಒಂಚೂರು ತಡೀರಿ ರೈಟ್ರೇ

ನಿನ್ನೆ ಸಂಜೆ ಕಂಡ ಒಂದು ವಿಷಯ ತಲೆಯಿಂದ ಇಳಿಯುತ್ತಿಲ್ಲ. ಬರೆಯದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ.

ಆಲ್ದೂರಿನ ಹತ್ತಿರ ಚಿಕ್ಕಪ್ಪನ ಕಾಫಿ ತೋಟದಲ್ಲಿ ಕೊಯ್ಲು ನಡೆಯುತ್ತಿದೆ, ನಿಮಗೆ ಗೊತ್ತು. ಐದು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚಿ ಕಣದ ಕಡೆ ಹೋದೆ. ಹಣ್ಣಿನ ತೂಕ ನಡೆಯುತ್ತಿತ್ತು. ಒಬ್ಬ ಅಕ್ಕ ಚೀಲವನ್ನು ತಕ್ಕಡಿಯ ಕೊಕ್ಕೆಗೆ ಹಾಕಿದ್ದರು ಅಷ್ಟೇ, ಮುಳ್ಳು ಇನ್ನೂ ಅಲ್ಲಾಡುತ್ತಿತ್ತು. ತೋಟದ ಕೆಲಸ ನೋಡಿಕೊಳ್ಳುವ ರೈಟ್ರು ಜೀಪಿನ ಹತ್ತಿರ ನಿಂತು ಕೂಗಿದರು. "ಮೇಸ್ತ್ರಿ, ಅದ್ ಬಿಡು, ಮೊದ್ಲು ಇತ್ಲಾಗ್ ಬಾ."

"ಒಂಚೂರು ತಡೀರಿ ರೈಟ್ರೇ, ಬರ್ಕೊಂಡು ಬರ್ಲಿ" ಅಂದರು ಆ ಅಕ್ಕ.

ಯಾರೂ ಕೇಳಿಸಿಕೊಳ್ಳಲಿಲ್ಲ. ಮೇಸ್ತ್ರಿ ಪುಸ್ತಕವನ್ನು ಬಗಲಿಗೆ ಸಿಕ್ಕಿಸಿಕೊಂಡು ಹೋದರು. ಚೀಲ ಕೊಕ್ಕೆಯಲ್ಲೇ ನೇತಾಡುತ್ತಿತ್ತು. ಹಿಂದೆ ಮೂವತ್ತು ಜನ. ಇನ್ನೊಬ್ಬ ಮೇಸ್ತ್ರಿ ಪಕ್ಕದಲ್ಲೇ ಖಾಲಿ ಕೈಯಲ್ಲಿ ನಿಂತಿದ್ದರು. ತಕ್ಕಡಿ ಖಾಲಿ ಇಲ್ಲ, ಪುಸ್ತಕ ಇಲ್ಲ, ಅವರಾದರೂ ಏನು ಮಾಡಬೇಕು? ಹತ್ತು ಸೆಕೆಂಡಿನ ಕೆಲಸ ಉಳಿದಿತ್ತು. ಕೊನೆಯ ಚೀಲ ತೂಗುವಾಗ ಕತ್ತಲಾಗಿತ್ತು. ಆ ಹೆಂಗಸರು ಟಾರ್ಚ್ ಹಿಡಿದು ಲೈನ್ ಮನೆಗೆ ನಡೆದರು.

ನನಗೆ ಸಿಟ್ಟು ಬಂತು. ಆಮೇಲೆ ಅಲ್ಲೇ ನಿಂತು ಯೋಚಿಸಿದೆ. ಕಳೆದ ತಿಂಗಳು ನಮ್ಮ ಸರ್ವರ್‌ನಲ್ಲಿ ಆಗಿದ್ದೂ ಇದೇ ಅಲ್ವಾ!

ಕಂಪ್ಯೂಟರ್ ಕೆಲಸದವರಲ್ಲದ ಗೆಳೆಯರಿಗೆ ಸ್ವಲ್ಪ ಹೇಳುತ್ತೇನೆ. ಒಂದು ಸಿಪಿಯು ಮೇಲೆ ಯಾವ ಪ್ರೋಗ್ರಾಂ ಎಷ್ಟು ಹೊತ್ತು ಓಡಬೇಕು ಅಂತ ತೀರ್ಮಾನಿಸುವುದು ಆಪರೇಟಿಂಗ್ ಸಿಸ್ಟಂನ ಷೆಡ್ಯೂಲರ್. ಅದೇ ನಮ್ಮ ರೈಟ್ರು. ಮೇಸ್ತ್ರಿ ಅಂದರೆ ಸಿಪಿಯು. ಒಂದು ಪ್ರೋಗ್ರಾಂನೊಳಗೆ ಹತ್ತಾರು ಥ್ರೆಡ್‌ಗಳು, ಅಂದರೆ ಕೆಲಸದ ಎಳೆಗಳು, ಒಟ್ಟಿಗೆ ಕೆಲಸ ಮಾಡುತ್ತವೆ. ಅವು ಚೀಲ ಹೊತ್ತು ಸಾಲಿನಲ್ಲಿ ನಿಂತ ಹೆಂಗಸರು. ಎಲ್ಲರೂ ಮುಟ್ಟುವ ಲೆಕ್ಕವನ್ನು ಒಂದು ಸಲಕ್ಕೆ ಒಬ್ಬರೇ ಮುಟ್ಟಬೇಕು. ಅದಕ್ಕೆ ಒಂದು ಲಾಕ್ ಇರುತ್ತದೆ. ಅದು ತಕ್ಕಡಿ. ಲಾಕ್ ಹಿಡಿದ ಥ್ರೆಡ್‌ಗೆ ಬೇಕಾಗಿರುವುದು ಎಷ್ಟೋ ಸಲ ಒಂದೇ ಒಂದು ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿನ 10 ಲಕ್ಷದಲ್ಲಿ ಒಂದು ಪಾಲು. ಸರಿಯಾಗಿ ಆ ಗಳಿಗೆಯಲ್ಲೇ ಷೆಡ್ಯೂಲರ್ "ನಿನ್ನ ಸಮಯ ಮುಗೀತು" ಅಂತ ಸಿಪಿಯು ಕಿತ್ತುಕೊಂಡು ಬೇರೆಯವರಿಗೆ ಕೊಡುತ್ತದೆ. ಲಾಕ್ ಮಾತ್ರ ಸಿಪಿಯು ಕಳೆದುಕೊಂಡವನ ಕೈಯಲ್ಲೇ ಉಳಿಯುತ್ತದೆ.

ಈಗಿನ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂನಲ್ಲಿ ಒಂದು ಸರದಿ ಸಾಮಾನ್ಯವಾಗಿ ಸುಮಾರು 3 ಮಿಲಿಸೆಕೆಂಡ್. ಅದು 3,000 ಮೈಕ್ರೋಸೆಕೆಂಡ್. 1 ಮೈಕ್ರೋಸೆಕೆಂಡ್ ಕೆಲಸಕ್ಕೆ 3,000 ಪಟ್ಟು ಕಾಯುವುದು. ಇದನ್ನು ಕಣಕ್ಕೆ ಹಾಕಿ ನೋಡಿ. 10 ಸೆಕೆಂಡಿನ ತೂಕ ನಿಂತುಹೋಗಿ, ಮೇಸ್ತ್ರಿ ವಾಪಸ್ ಬರುವುದು 8 ಗಂಟೆ 20 ನಿಮಿಷದ ನಂತರ. ಒಂದು ದಿನದ ಕೂಲಿ ಪೂರ್ತಿ ಹೋಯಿತು. ಅದೂ ಮಧ್ಯೆ ಒಬ್ಬರೇ ಬಂದಿದ್ದರೆ. ಇಬ್ಬರು ಮೂವರು ಸರದಿಯಲ್ಲಿದ್ದರೆ ಇನ್ನೂ ಜಾಸ್ತಿ.

ಒಂದು ಮಾತು ಹೇಳಿಕೊಳ್ಳಲೇಬೇಕು. ಸರ್ವರ್ ನಿಧಾನವಾದಾಗ ನಾನು ಮೊದಲು ಡೇಟಾಬೇಸ್ ಮೇಲೆ ಅನುಮಾನಪಟ್ಟೆ. ಆಮೇಲೆ ಥ್ರೆಡ್‌ಗಳನ್ನು 16ರಿಂದ 64ಕ್ಕೆ ಏರಿಸಿದೆ. ಇನ್ನೂ ಕೆಟ್ಟಿತು. ಸಾಲು ಉದ್ದವಾದರೆ ತಕ್ಕಡಿ ಎರಡಾಗುವುದಿಲ್ಲವಲ್ಲ. ಕೊನೆಗೆ ಹೊಸದಾಗಿ ಸೇರಿದ ಹುಡುಗಿಯ ಕೋಡ್‌ನಲ್ಲೇ ತಪ್ಪಿದೆ ಅಂತ ಎಲ್ಲರೆದುರು ಹೇಳಿಬಿಟ್ಟೆ. ಎರಡು ದಿನ ಬಿಟ್ಟು ಪರ್ಫ್ ಅನ್ನುವ ಅಳೆಯುವ ಸಾಧನ ಹಾಕಿ ಷೆಡ್ಯೂಲರ್‌ನ ಓಡಾಟ ನೋಡಿದೆ. ಲಾಕ್ ಹಿಡಿದ ಥ್ರೆಡ್ ಸಿಪಿಯು ಇಲ್ಲದೆ ಕೂತಿದೆ, ಉಳಿದವು ಲಾಕ್ ಬಿಟ್ಟಿತಾ ಬಿಟ್ಟಿತಾ ಅಂತ ಸುತ್ತುತ್ತಾ ಸಿಪಿಯು ಸುಡುತ್ತಿವೆ. ಅವಳ ಕೋಡ್‌ನಲ್ಲಿ ಏನೂ ತಪ್ಪಿರಲಿಲ್ಲ. ಕ್ಷಮೆ ಕೇಳಿದ್ದೇನೆ. ಆದರೂ ಆ ಮೀಟಿಂಗ್‌ನಲ್ಲಿ ಅವಳು ಸುಮ್ಮನಾದದ್ದು ಇನ್ನೂ ಕಣ್ಣ ಮುಂದಿದೆ.

ನನ್ನ ತಕರಾರು ಇಷ್ಟೇ. ಲಾಕ್ ಹಿಡಿದವನಿಗೆ "ಒಂಚೂರು ತಡೀರಿ" ಅನ್ನುವ ಅವಕಾಶ ಕೊಡಿ. ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ತನಗೆ ತಾನು ಈ ಅವಕಾಶ ಕೊಟ್ಟುಕೊಂಡಿದೆ. ಸಾಮಾನ್ಯ ಲಿನಕ್ಸ್‌ನಲ್ಲಿ ಕರ್ನಲ್ ಒಳಗೆ ಯಾರಾದರೂ ಸ್ಪಿನ್‌ಲಾಕ್ (ಉಳಿದವರು ಸುತ್ತುತ್ತಾ ಕಾಯುವ ಲಾಕ್) ಹಿಡಿದರೆ, ಬಿಡುವ ತನಕ ಷೆಡ್ಯೂಲರ್ ಅವರನ್ನು ಸಿಪಿಯು ಮೇಲಿಂದ ಎಬ್ಬಿಸುವುದಿಲ್ಲ. ಎಬ್ಬಿಸಿದರೆ ಏನಾಗುತ್ತದೆ ಅಂತ ಬರೆದವರಿಗೆ ಚೆನ್ನಾಗಿ ಗೊತ್ತು. ಹಾಗಾದರೆ ಹೊರಗಿರುವ ನಮ್ಮ ಪ್ರೋಗ್ರಾಂಗಳಿಗೆ ಯಾಕೆ ಇರಬಾರದು? ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್‌ಗಳೂ ಒಳಗೆ ಸ್ಪಿನ್‌ಲಾಕ್ ಬಳಸುತ್ತವೆ. ಅವಕ್ಕೂ ಇದೇ ಪಾಡು. ಸೋಲಾರಿಸ್ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಂನಲ್ಲಿ ಇದಕ್ಕೆಂದೇ ಷೆಡ್‌ಸಿಟಿಎಲ್ ಅನ್ನುವ ಸೌಲಭ್ಯ ಎಷ್ಟೋ ವರ್ಷಗಳಿಂದ ಇದೆ.

"ಹೀಗೆ ಬಿಟ್ಟರೆ ಎಲ್ಲರೂ ತಡೀರಿ ತಡೀರಿ ಅಂತ ಕೂತುಬಿಡುತ್ತಾರೆ" ಅನ್ನುತ್ತಾನೆ ನನ್ನ ಗೆಳೆಯ. ಈ ಭಯ ಸುಳ್ಳಲ್ಲ. ವಿಂಡೋಸ್ 3.1 ಕಾಲದಲ್ಲಿ ಪ್ರೋಗ್ರಾಂ ತಾನಾಗಿ ಬಿಟ್ಟುಕೊಟ್ಟರೆ ಉಂಟು, ಇಲ್ಲದಿದ್ದರೆ ಉಳಿದವೆಲ್ಲ ಅಲ್ಲಾಡುವ ಹಾಗಿರಲಿಲ್ಲ. ಅದು ಮತ್ತೆ ಬರಬೇಕು ಅಂತ ಯಾರೂ ಕೇಳುತ್ತಿಲ್ಲ. 2023ರಲ್ಲಿ ಕರ್ನಲ್ ಬರೆಯುವವರಲ್ಲೊಬ್ಬರಾದ ಸ್ಟೀವನ್ ರೋಸ್ಟೆಡ್, ಕೆಲವು ಗಳಿಗೆ ಮಾತ್ರ ತಡೆಯುವ ಇಂಥ ಪ್ಯಾಚ್ (ಕೋಡ್‌ನ ತಿದ್ದುಪಡಿ) ಲಿನಕ್ಸ್‌ಗೆ ಮುಂದಿಟ್ಟರು. 2025ರಲ್ಲಿ ಇನ್ನೊಬ್ಬ ಕರ್ನಲ್ ಬರಹಗಾರ ಥಾಮಸ್ ಗ್ಲೈಕ್ಸ್‌ನರ್ ಇದನ್ನು ಆರ್‌ಸೀಕ್ ಮೇಲೆ ಕಟ್ಟಿ ಕಳಿಸಿದರು. ಆರ್‌ಸೀಕ್ ಅಂದರೆ ಥ್ರೆಡ್ ಮತ್ತು ಕರ್ನಲ್ ಇಬ್ಬರೂ ನೋಡಬಲ್ಲ ಒಂದು ಸಣ್ಣ ಜಾಗ. 2018ರಲ್ಲಿ, 4.18ನೇ ಆವೃತ್ತಿಯಲ್ಲೇ ಲಿನಕ್ಸ್‌ಗೆ ಬಂದಿದೆ. ಲಾಕ್ ಹಿಡಿಯುವ ಮುಂಚೆ ಥ್ರೆಡ್ ಅಲ್ಲಿ ಒಂದು ಗುರುತು ಹಾಕುತ್ತದೆ. ಅದಕ್ಕೆ ಸಿಸ್ಟಂ ಕಾಲ್, ಅಂದರೆ ಕರ್ನಲ್ ಅನ್ನು ಕರೆದು ಕೇಳುವುದು, ಕೂಡ ಬೇಡ. ಎಬ್ಬಿಸಲು ಬಂದ ಷೆಡ್ಯೂಲರ್ ಗುರುತು ನೋಡಿ ಕೆಲವು ಮೈಕ್ರೋಸೆಕೆಂಡ್ ಬಿಡಬಹುದು, ಬಿಡದೆಯೂ ಇರಬಹುದು. ಇದು ಬರೀ ಕೋರಿಕೆ, ಹಕ್ಕಲ್ಲ. ಬಿಟ್ಟರೆ ಆಗಲೇ ಟೈಮರ್ ಇಡುತ್ತದೆ. ಕೆಲಸ ಮುಗಿದ ಕೂಡಲೇ ಥ್ರೆಡ್ ತಾನೇ ಸಿಪಿಯು ಬಿಟ್ಟುಕೊಡಬೇಕು. ಕೊಡದಿದ್ದರೆ ಟೈಮರ್ ಮುಗಿದಾಗ ಕಿತ್ತುಕೊಳ್ಳುತ್ತದೆ. ಹೆಚ್ಚುವರಿ ಓಡಿದ್ದೂ ಅದರ ಲೆಕ್ಕಕ್ಕೇ ಬೀಳುತ್ತದೆ. ಇದರಲ್ಲಿ ಯಾರು ಯಾರನ್ನು ದೋಚಿದ ಹಾಗಾಯಿತು?

"ಸ್ಪಿನ್‌ಲಾಕ್ ಬಿಟ್ಟು ಮಲಗಿ ಕಾಯುವ ಲಾಕ್ ಬಳಸಿ" ಅನ್ನುವವರೂ ಇದ್ದಾರೆ. ಹೊರಗಿನ ಪ್ರೋಗ್ರಾಂಗಳಲ್ಲಿ ಸ್ಪಿನ್‌ಲಾಕ್ ಬೇಡ ಅಂತ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ 2020ರಲ್ಲಿ ಖಡಕ್ಕಾಗಿ ಹೇಳಿದ್ದರು. ಅರ್ಧ ಒಪ್ಪುತ್ತೇನೆ. ನಿನ್ನೆ ಸಾಲಿನಲ್ಲಿ ಕೆಲವರು ಚೀಲ ತಲೆಯ ಮೇಲೇ ಹೊತ್ತು ನಿಂತಿದ್ದರು. ಕೆಲವರು ಕೆಳಗಿಟ್ಟು ಕೂತರು. ಕೂತವರ ಕತ್ತು ನೋಯಲಿಲ್ಲ, ನಿಜ. ಆದರೆ ಅವರ ಚೀಲವೂ ತೂಗಲಿಲ್ಲ. ಮಲಗಿ ಕಾದರೆ ಸಿಪಿಯು ಉಳಿಯುತ್ತದೆ. ಆದರೆ ಲಾಕ್ ಹಿಡಿದವನಿಗೆ ಮತ್ತೆ ಸಿಪಿಯು ಸಿಗುವ ತನಕ ಕಾಯುವುದು ತಪ್ಪುವುದಿಲ್ಲ.

1997ರಲ್ಲಿ ಮಂಗಳನ ಮೇಲಿಳಿದ ನಾಸಾದ ಪಾತ್‌ಫೈಂಡರ್ ನೌಕೆಯಲ್ಲೂ ಲಾಕ್ ಹಿಡಿದವನನ್ನು ನಡುವೆ ಎಬ್ಬಿಸಿದ್ದೇ ಎಡವಟ್ಟಾಯಿತು. ಹವಾಮಾನ ನೋಡುವ ಕೆಳಗಿನ ದರ್ಜೆಯ ಕೆಲಸ ಲಾಕ್ ಹಿಡಿದಿತ್ತು. ಮಧ್ಯಮ ದರ್ಜೆಯದು ಬಂದು ಅದನ್ನು ಪಕ್ಕಕ್ಕೆ ತಳ್ಳಿತು. ಆ ಲಾಕ್ ಬೇಕಾಗಿದ್ದ ಮೇಲಿನ ದರ್ಜೆಯ ಕೆಲಸ ಕಾಯುತ್ತಾ ಉಳಿಯಿತು. ಕಂಪ್ಯೂಟರ್ ಮತ್ತೆ ಮತ್ತೆ ರೀಸೆಟ್ ಆಯಿತು. ಲಾಕ್ ಹಿಡಿದವನಿಗೆ ಅಷ್ಟು ಹೊತ್ತು ಮೇಲಿನ ದರ್ಜೆ ಕೊಡುವ ವ್ಯವಸ್ಥೆಯನ್ನು ಭೂಮಿಯಿಂದಲೇ ಆನ್ ಮಾಡಿದ ಮೇಲೆ ಸರಿಹೋಯಿತು. ಅಲ್ಲಿ ಬಳಸಿದ ಮದ್ದು ಬೇರೆ. ಆದರೆ ಯಾರ ಕೈಯಲ್ಲಿ ಏನಿದೆ ಅಂತ ನೋಡದೆ ಎಬ್ಬಿಸಬೇಡ ಅನ್ನುವುದನ್ನು ನಾವು ಇನ್ನೂ ಎಷ್ಟು ವರ್ಷ ಹೇಳುತ್ತಿರಬೇಕು?

ಮನೆಯ ಹಳೇ ಡೆಸ್ಕ್‌ಟಾಪ್‌ನಲ್ಲಿ ಆ ಪ್ಯಾಚ್‌ಗಳಿರುವ ಕರ್ನಲ್ ಬಿಲ್ಡ್ ಆಗುತ್ತಿದೆ. ಕರೆಂಟ್ ಉಳಿದರೆ ರಾತ್ರಿ ನಮ್ಮ ಲಾಕ್‌ಗಳ ಮೇಲೆ ಪರೀಕ್ಷೆ ಮಾಡುತ್ತೇನೆ. ನಿಮ್ಮಲ್ಲಿ ಯಾರಾದರೂ ಮಾಡಿ ನೋಡಿದ್ದರೆ ದಯವಿಟ್ಟು ಬರೆಯಿರಿ, ಒಳ್ಳೆಯದಾಗಿದ್ದರೂ ಸರಿ, ಕೆಟ್ಟದ್ದಾಗಿದ್ದರೂ ಸರಿ.

ಐದು ಗಂಟೆಯಾಯಿತು, ಕಣಕ್ಕೆ ಹೊರಟೆ. ಇವತ್ತು ತೂಕದ ಪುಸ್ತಕ ನಾನು ಹಿಡಿದುಕೊಳ್ಳುತ್ತೇನೆ ಅಂತ ರೈಟ್ರಿಗೆ ಬೆಳಗ್ಗೆಯೇ ಹೇಳಿದ್ದೇನೆ.