ಕಷ್ಟದ ಪಜಲ್ ಎಲ್ಲಾ ಚೆಂದದ ಪಜಲ್ ಅಲ್ಲ

ಚೆಸ್ ಪಜಲ್‌ಗಳನ್ನು ಕಂಪ್ಯೂಟರೇ ಕಟ್ಟುತ್ತದೆ ಅಂದ ಕೂಡಲೇ ಕೆಲವರು ಮೂಗು ಮುರಿಯುತ್ತಾರೆ. ಯಾಕೋ ಗೊತ್ತಿಲ್ಲ. ಬಿಡಿಸಲು ಕೂತವರು ಕಟ್ಟಿದವರ ಹೆಸರು ನೋಡ್ತಾರಾ? ಮಲೇಷ್ಯಾದ ಅಜ್ಲಾನ್ ಇಕ್ಬಾಲ್ ಅವರ ಚೆಸ್ಥೆಟಿಕಾ ಎಂಬ ಪ್ರೋಗ್ರಾಂ ವರ್ಷಗಳಿಂದ ಇದೇ ಕೆಲಸ ಮಾಡುತ್ತಿದೆ. 2025ರಲ್ಲಿ ಗೂಗಲ್ ಡೀಪ್‌ಮೈಂಡ್ ತಂಡದವರು ಲಿಚೆಸ್ ಎಂಬ ಆನ್‌ಲೈನ್ ಚೆಸ್ ತಾಣದ ಸುಮಾರು 40 ಲಕ್ಷ ಪಜಲ್‌ಗಳನ್ನು ಕೊಟ್ಟು, ಪಜಲ್ ಕಟ್ಟುವ ಒಂದು ಎಐ ಮಾಡೆಲ್ ಪಳಗಿಸಿದರು.

ನನ್ನ ತಕರಾರು ಇರುವುದು ಅಳತೆಗೋಲಿನ ಬಗ್ಗೆ. ಆ ಮಾಡೆಲ್‌ಗೆ ಅಂಕ ಸಿಗಬೇಕಾದರೆ ಸರಿಯಾದ ನಡೆ ಒಂದೇ ಇರಬೇಕು, ಅದು ಸುಲಭಕ್ಕೆ ಹೊಳೆಯಬಾರದು. ಹೊಳೆಯಲ್ಲ ಅಂತ ಹೇಳುವುದು ಯಾರು? ಚೆಸ್ ಎಂಜಿನ್, ಅಂದರೆ ನಡೆಗಳನ್ನು ಲೆಕ್ಕ ಹಾಕುವ ಇನ್ನೊಂದು ಪ್ರೋಗ್ರಾಂ! ಮೇಲ್ಮೇಲೆ ಹುಡುಕಿದಾಗ ಸಿಗದ ನಡೆ ಆಳಕ್ಕೆ ಇಳಿದಾಗ ಸಿಕ್ಕರೆ ಪಜಲ್ ಪಾಸು. ಉಪಾಯ ಜಾಣತನದ್ದೇ. ಆದರೆ ಇದು ಅಳೆಯುವುದು ಕಷ್ಟವನ್ನು.

ಹೆಸರಾಂತ ಚೆಸ್ ಆಟಗಾರ ರಿಚರ್ಡ್ ರೇಟಿ 1921ರಲ್ಲಿ ಕಟ್ಟಿದ ಪಜಲ್ ನೋಡಿ. ಇರುವುದು ನಾಲ್ಕೇ ಕಾಯಿ. (ಮನೆಯ ಹೆಸರಲ್ಲಿ ಅಕ್ಷರ ಎಡದಿಂದ ಬಲಕ್ಕೆ ಎಣಿಕೆ, ಅಂಕಿ ಬಿಳಿಯ ಕಡೆಯಿಂದ ಮೇಲಕ್ಕೆ.) ಬಿಳಿ ರಾಜ ಎಚ್8, ಬಿಳಿ ಪಾನ್ ಸಿ6. ಕಪ್ಪು ರಾಜ ಎ6, ಕಪ್ಪು ಪಾನ್ ಎಚ್5. ಬಿಳಿಯ ಸರದಿ, ಡ್ರಾ ಮಾಡಬೇಕು. ಕೊನೆ ಸಾಲು ಮುಟ್ಟಿ ರಾಣಿಯಾಗಲು ಕಪ್ಪು ಪಾನ್ ಆಗಲೇ ಓಟ ಕಿತ್ತಿದೆ, ಬೆನ್ನಟ್ಟಿ ಹಿಡಿಯಲು ರಾಜನಿಗೆ ಆಗಲ್ಲ. ತನ್ನ ಪಾನ್‌ಗೆ ಕಾವಲಾಗೋಣ ಅಂದರೆ ಅದೂ ದೂರ. ಆಟ ಮುಗೀತು ಅನ್ನಿಸುತ್ತೆ, ಅಲ್ವಾ? ಆದರೆ ರಾಜ ಓರೆಯಾಗಿ ಜಿ7, ಎಫ್6, ಇ5 ಅಂತ ಇಳಿಯುತ್ತಾನೆ. ಪ್ರತಿ ಹೆಜ್ಜೆಯೂ ಎರಡೂ ಪಾನ್‌ಗಳಿಗೆ ಹತ್ತಿರ! ಬೆನ್ನಟ್ಟುವುದು, ಕಾವಲಾಗುವುದು, ಈ ಎರಡರಲ್ಲಿ ಕಪ್ಪು ಒಂದನ್ನು ತಡೆದರೆ ಇನ್ನೊಂದು ಕೆಲಸ ಆಗಿಬಿಡುತ್ತದೆ. ಚೆಸ್ ನಿನ್ನೆ ಕಲಿತವರಿಗೂ ಇದನ್ನು ಒಂದೇ ಮಾತಲ್ಲಿ ಹೇಳಬಹುದು. ಕೇಳಿದವರು ನಗುತ್ತಾರೆ, ಮೋಸ ಹೋದ ಖುಷಿಯಲ್ಲಿ.

ನನಗೆ ಬೇಕಾದ್ದು ಇದು. ಉತ್ತರ ನೋಡಿದ ಮೇಲೂ ‘ಎಂಜಿನ್ ಹೇಳಿದೆ, ಹಾಗಾಗಿ ಸರಿ’ ಅನ್ನಬೇಕಾದರೆ ಅದು ಬರೀ ಲೆಕ್ಕ. ಇಂಥವನ್ನು ಮನುಷ್ಯರೂ ಬೇಕಾದಷ್ಟು ಕಟ್ಟಿದ್ದಾರೆ, ಆ ಮಾತು ಬೇರೆ.

ಡೀಪ್‌ಮೈಂಡ್‌ನವರಿಗೂ ಇದು ಗೊತ್ತಿದ್ದಂತಿದೆ. ಕೊನೆಗೆ ಅವರು ಪಜಲ್‌ಗಳನ್ನು ತೋರಿಸಿದ್ದು ಅಮಾಟ್ಸಿಯಾ ಅವ್ನಿ, ಜೊನಾಥನ್ ಲೆವಿಟ್, ಮ್ಯಾಥ್ಯೂ ಸ್ಯಾಡ್ಲರ್ ಎಂಬ ಮೂವರು ಪಳಗಿದ ಆಟಗಾರರಿಗೆ. ಅವರು ತಮಗೆ ಹಿಡಿಸಿದ್ದನ್ನು ಆರಿಸಿ, ಯಾಕೆ ಹಿಡಿಸಿತು ಅಂತಲೂ ಹೇಳಿದರು. ನಾನಾದರೆ ಅವರು ಆರಿಸಿದ್ದನ್ನೇ ಮೊದಲು ಬಿಡಿಸುತ್ತೇನೆ. ಉಳಿದ ರಾಶಿಯನ್ನು ಎಂಜಿನ್‌ಗಳೇ ಕೂತು ಬಿಡಿಸಿಕೊಳ್ಳಲಿ.